ಸಾಕುಗಿಳಿಯ ಪೂರ್ವೇತಿಹಾಸ

ಮುಂಬಯಿಯ ಹಳೆಯ ಚಾಳುಗಳಲ್ಲಿ ಬಾಗಿಲ ಮುಂದಿನ ಗ್ಯಾಲರಿಯ ತೊಲೆಗೆ ತೂಗುಹಾಕಿದ ಗಿಳಿಯ ಪಂಜರವು ಅಪರೂಪದ ವಸ್ತುವಾಗಿರಲಿಲ್ಲ. ಉಪನಗರಗಳ ಬಹುಮಹಡಿ ಮನೆಗಳ ಕಿಟಕಿಗಳಲ್ಲಿ ಇಂದಿಗೂ ಅದು ಅಲ್ಲಲ್ಲಿ ಕಣ್ಣಿಗೆ ಬೀಳುವುದುಂಟು. ನೆರೆಹೊರೆಯ ಮರಾಠಿ ಬಂಧುಗಳು ಆ ಹಕ್ಕಿಯನ್ನು ಪೋಪಟ, ರಾಘೂ ಎಂದು ಕರೆದರೆ ನಾವು ಗಿಳಿ, ಗಿಣಿ, ಗಿಣಿರಾಮ ಎನ್ನುತ್ತೇವೆ. ಅರ್ಥವರಿಯದೆ ಬಾಯಿಪಾಠ ಮಾಡುವುದನ್ನು ಅವರು ‘ಪೋಪಟಪಂಚಿ’ ಎಂದು ಹಳಿದರೆ ನಾವು ‘ಗಿಳಿಪಾಠ’ ಎಂದು ಹಳಿಯುತ್ತೇವೆ. ಎರಡು ಭಾಷೆಗಳ ಗಾದೆಮಾತುಗಳಲ್ಲಿ ಇಷ್ಟು ಸಲಿಗೆಯಿಂದ ಸೇರಿಕೊಂಡ ಹಕ್ಕಿ ಎರಡು ಜನಾಂಗಗಳ ಮನೆಗಳಲ್ಲಿಯೂ ಬಹುಕಾಲದಿಂದ ಬಾಳಿರಬೇಕೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಸಾಕುಪ್ರಾಣಿಗಳ ನಡುವೆ ಗಿಳಿಯ ಸ್ಥಾನ ವಿಚಿತ್ರವಾದುದು. ಹಸು, ನಾಯಿ, ಕೋಳಿಗಳು ಸಾವಿರಾರು ವರ್ಷಗಳಿಂದ ಮನುಷ್ಯನ ಕೊಟ್ಟಿಗೆ ಅಂಗಳಗಳಲ್ಲಿಯೇ ಹುಟ್ಟಿ ಮನುಷ್ಯನಿಗೆ ಒಗ್ಗಿದಂಥವು. ನಮ್ಮ ನಾಡಿನ ಗಿಳಿಯಾದರೋ ಹಾಗಲ್ಲ. ಅದು ನಮ್ಮ ಮನೆಯಲ್ಲಿ ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ವಾಸಮಾಡಿದೆ. ಆದರೆ ನಮ್ಮ ಮನೆಯಲ್ಲಿ ಹುಟ್ಟಿದ್ದು ಬಹಳ ಕಡಿಮೆ. ಪಂಜರದಲ್ಲಿ ಕುಳಿತ ಹಕ್ಕಿ ಬಹುಮಟ್ಟಿಗೆ ಯಾವುದೋ ಮರದ ಪೊಟರೆಯಿಂದ ಕಿತ್ತು ತಂದ ಮರಿ. ಈ ಸಂಗತಿಯನ್ನು ನಮ್ಮ ಪ್ರಾಚೀನ ಕಾವ್ಯ ಚೆನ್ನಾಗಿ ಬಲ್ಲದು. ನಮ್ಮ ಗೃಹಕೃತ್ಯದ ವಾಡಿಕೆ ಅದನ್ನು ಮರೆತಿತು. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ದೇಶದ ಕಾನೂನು ಅದನ್ನು ಮತ್ತೆ ನೆನಪಿಗೆ ತಂದಿತು. ಈ ಮೂರು ಘಟ್ಟಗಳನ್ನು ಲಭ್ಯವಿರುವ ಆಧಾರಗಳಿಂದ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೧

ಮೊದಲು ಹಕ್ಕಿಯ ಪರಿಚಯ. ಕರ್ನಾಟಕ ಮತ್ತು ಮಹಾರಾಷ್ಟ್ರಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ಗಿಳಿಗಳನ್ನು ಕಾಣಬಹುದು. ಎಲ್ಲರಿಗೂ ತಿಳಿದದ್ದು, ಗಂಡಿನ ಕೊರಳಲ್ಲಿ ಕಪ್ಪು ಮತ್ತು ಗುಲಾಬಿ ಬಣ್ಣದ ಪಟ್ಟಿಯುಳ್ಳ ಸಾಮಾನ್ಯ ಹಸಿರು ಗಿಳಿ. ಬಾಲವೂ ಸೇರಿ ಇದರ ಉದ್ದ ಸುಮಾರು ೪೨ ಸೆಂಟಿಮೀಟರು. ಹೆಗಲ ಮೇಲೆ ಕೆಂಪು ಮಚ್ಚೆಯುಳ್ಳ ದೊಡ್ಡ ಗಿಳಿ ಸುಮಾರು ೫೩ ಸೆಂಟಿಮೀಟರು. ಗ್ರೀಕ್ ದೊರೆ ಅಲೆಕ್ಸಾಂಡರನ ಹೆಸರಿನಿಂದ ಪಾಶ್ಚಾತ್ಯರು ಕರೆಯುವುದು ಇದನ್ನೇ. ಮುಂಬಯಿಯ ರಾಣಿಬಾಗಿನ ಹಳೆಯ ಮರಗಳಲ್ಲಿ ಇವೆರಡನ್ನೂ ಸ್ವತಂತ್ರವಾಗಿ ಹಾರಾಡುತ್ತಿರುವಂತೆಯೇ ನೋಡಬಹುದು. ಸಹ್ಯಾದ್ರಿಯ ಕಾಡುಗಳಿಗೆ ಮೀಸಲಾದ ನೀಲಿ ರೆಕ್ಕೆಯ ಗಿಳಿ ಮೂರನೆಯದು. ನಾಲ್ಕನೆಯದು ಮಧ್ಯಮ ಗಾತ್ರದ್ದು, ಸುಮಾರು ೩೬ ಸೆಂಟಿಮೀಟರಿನದು. ಅದರಲ್ಲಿಯೂ ಹೆಚ್ಚು ಪಾಲು ಬಾಲವೇ. ಇದರ ಗಂಡಿನ ತಲೆ ಹಣ್ಣಾದ ಪ್ಲಮ್ಮಿನಂತೆ ಕೆಂಪು ಕಲೆತ ನೇರಳೆ. ಹೆಣ್ಣಿನ ತಲೆ ಬೂದುಬಣ್ಣ. ಸಾಮಾನ್ಯ ಗಿಳಿಯ ಕರ್ಕಶವಾದ ಕಿರಿಚಾಟ ಇದಕ್ಕಿಲ್ಲ. ಕೂಗು ಮೃದು, ಇಂಪು. ಈ ಮಿತಭಾಷಿಯಾದ ಗಿಳಿಯೇ ನಮ್ಮ ಚರಿತ್ರೆಯ ಆರಂಭದಲ್ಲಿ ಕಾಣಿಸಿಕೊಳ್ಳುವುದು.

ಪಾರಸಿಕ ಚಕ್ರವರ್ತಿ ಎರಡನೆಯ ಅರ್ತಾಕ್ಸರ್ಕ್ಸೀಸನ ಆಸ್ಥಾನದಲ್ಲಿ ವೈದ್ಯನಾಗಿದ್ದ ಕ್ತೀಸಿಯಾಸನೆಂಬ ಗ್ರೀಕನು ಕ್ರಿಸ್ತಪೂರ್ವ ೪೦೦ರ ಸುಮಾರಿನಲ್ಲಿ ಭಾರತವನ್ನು ಕುರಿತು ಒಂದು ಗ್ರಂಥ ಬರೆದನು. ಮೂಲ ಉಳಿದಿಲ್ಲ; ಸಾರಾಂಶ ಉಳಿದಿದೆ. ಅದರಲ್ಲಿ ಮನುಷ್ಯರಂತೆ ಮಾತಾಡುವ, ಕೆಂಪು ಮುಖದ, ಕರಿಯ ಗಡ್ಡದ ಒಂದು ಭಾರತೀಯ ಪಕ್ಷಿಯ ವರ್ಣನೆಯಿದೆ. ಅದು ಭಾರತೀಯರ ನುಡಿಯನ್ನಾಡುತ್ತದೆ, ಕಲಿಸಿದರೆ ಗ್ರೀಕನ್ನೂ ಆಡುತ್ತದೆ ಎಂದು ಅವನು ಹೇಳುತ್ತಾನೆ. ಈ ವರ್ಣನೆ ನೇರಳೆತಲೆಯ ಗಂಡುಗಿಳಿಗೆ ಹೊಂದುತ್ತದೆಂದು ವಿದ್ವಾಂಸರ ಅಭಿಪ್ರಾಯ. ಭಾರತವನ್ನು ಕಣ್ಣಾರೆ ಕಾಣದ ವೈದ್ಯನಿಗೆ ಈ ವಿವರ ಸಿಕ್ಕಿತೆಂದರೆ, ಅಷ್ಟು ಹಿಂದೆಯೇ ನಮ್ಮ ಗಿಳಿಯ ಖ್ಯಾತಿ ಸಿಂಧುವನ್ನು ದಾಟಿ ಪಶ್ಚಿಮಕ್ಕೆ ಹೋಗಿತ್ತೆಂದಾಯಿತು. ನಾಲ್ಕು ಶತಮಾನಗಳ ತರುವಾಯ ರೋಮಿನ ಪ್ಲಿನಿಯ ಕಾಲಕ್ಕೆ ಇದು ಅಲ್ಲಿ ಪರಿಚಿತ ವಸ್ತು. ಭಾರತದಿಂದ ಬರುವ ಈ ಹಸಿರು ಹಕ್ಕಿ ಚಕ್ರವರ್ತಿಗಳಿಗೆ ವಂದನೆ ಹೇಳುತ್ತದೆಂದೂ, ಇದರ ತಲೆ ಗಟ್ಟಿಯಾದುದರಿಂದ ಪಾಠ ಹೇಳುವಾಗ ಕಬ್ಬಿಣದ ಸಲಾಕೆಯಿಂದ ತಲೆಗೆ ಹೊಡೆಯುತ್ತಾರೆಂದೂ ಅವನು ಬರೆದಿದ್ದಾನೆ. ಗಿಳಿಪಾಠದ ಈ ಇನ್ನೊಂದು ಮುಖವನ್ನು ನಾವು ಗಮನದಲ್ಲಿಡತಕ್ಕದ್ದು.

೨

ನಮ್ಮ ದೇಶದ ಶಾಸ್ತ್ರಗ್ರಂಥಗಳಲ್ಲಿ ಗಿಳಿಗೆ ಎರಡು ಉದ್ಯೋಗಗಳು ಕಂಡುಬರುತ್ತವೆ. ಒಂದು ಕಾವಲು, ಇನ್ನೊಂದು ವಿನೋದ.

ಕಾವಲಿನ ಮಾತು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ. ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ೧೯೦೫ರಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, ೧೯೦೯ರಲ್ಲಿ ಅವರಿಂದ ಅಚ್ಚಾಗಿ ಲೋಕಕ್ಕೆಲ್ಲ ತಿಳಿದುಬಂದ ಈ ಗ್ರಂಥವು ಅಂತಃಪುರದ ರಕ್ಷಣೆಯನ್ನು ವಿವರಿಸುವಲ್ಲಿ ಗಿಳಿ, ಗೊರವಂಕಗಳನ್ನು ಹೆಸರಿಸುತ್ತದೆ. ಸರ್ಪವಿಷದ ಶಂಕೆ ಬಂದಾಗ ಇವು ಕಿರಿಚುತ್ತವೆಂದು ಅದರ ನಂಬಿಕೆ. ವಿನೋದದ ಮಾತು ವಾತ್ಸ್ಯಾಯನನ ಕಾಮಸೂತ್ರದಲ್ಲಿದೆ. ಅಲ್ಲಿ ಎಣಿಸಿದ ಅರುವತ್ತನಾಲ್ಕು ಕಲೆಗಳಲ್ಲಿ ಗಿಳಿ-ಗೊರವಂಕಗಳಿಗೆ ಮಾತು ಕಲಿಸುವುದೂ ಒಂದು. ಊಟವಾದ ಮೇಲೆ ನಾಗರಿಕನು ಕಾಲ ಕಳೆಯುವ ಬಗೆಗಳಲ್ಲಿಯೂ ಅದೇ ಮೊದಲು ಬರುತ್ತದೆ. ಅಂದಿನ ನಗರವಾಸಿಗೆ ಗಿಳಿಯು ವಿದ್ಯಾವಂತ ಮನೆಯ ಲಕ್ಷಣವಾಗಿತ್ತು.

ಇವೆರಡಕ್ಕಿಂತ ಮುಖ್ಯವಾದ ಇನ್ನೊಂದು ಆಧಾರವುಂಟು. ಮಸ್ಕಿ, ಬ್ರಹ್ಮಗಿರಿಗಳ ಬಂಡೆಗಳಿಂದ ಕನ್ನಡಿಗರಿಗೆ ಪರಿಚಿತನಾದ, ಮುಂಬಯಿಯ ಸಮೀಪದ ಸೋಪಾರಾದಲ್ಲಿಯೂ ಶಾಸನದ ತುಣುಕುಗಳನ್ನು ಬಿಟ್ಟುಹೋದ ಅಶೋಕ ಮಹಾರಾಜನು ತನ್ನ ಐದನೆಯ ಸ್ತಂಭಶಾಸನದಲ್ಲಿ, ಪಟ್ಟಾಭಿಷೇಕವಾಗಿ ಇಪ್ಪತ್ತಾರು ವರ್ಷ ಕಳೆದಾಗ, ಕೊಲ್ಲಬಾರದ ಪ್ರಾಣಿಗಳ ಪಟ್ಟಿಯೊಂದನ್ನು ಕೊಟ್ಟಿದ್ದಾನೆ. ಆ ಪಟ್ಟಿಯಲ್ಲಿ ಎಲ್ಲಕ್ಕೂ ಮೊದಲನೆಯ ಹೆಸರು ಗಿಳಿಯದು, ಎರಡನೆಯದು ಗೊರವಂಕದ್ದು. ವಾತ್ಸ್ಯಾಯನನ ಜೋಡಿಯೇ ಇಲ್ಲಿಯೂ ಇರುವುದು ಗಮನಾರ್ಹ. ಅದೇ ಶಾಸನದ ಕೊನೆಯಲ್ಲಿ, ಆ ಅವಧಿಯಲ್ಲಿ ತಾನು ಇಪ್ಪತ್ತೈದು ಸಲ ಸೆರೆಯಾಳುಗಳನ್ನು ಬಿಡುಗಡೆ ಮಾಡಿಸಿದೆನೆಂದು ಅಶೋಕನು ಹೇಳಿಕೊಂಡಿದ್ದಾನೆ. ಗಿಳಿಯನ್ನು ಕೊಲ್ಲಬಾರದೆಂದ ಅರಸನು ಗಿಳಿಯನ್ನು ಸೆರೆಯಲ್ಲಿಡಬಾರದೆಂದು ಹೇಳಲಿಲ್ಲ. ಆ ಮಾತಿಗೆ ದೇಶವು ಇನ್ನೂ ಇಪ್ಪತ್ತೆರಡು ಶತಮಾನಗಳಿಗೂ ಹೆಚ್ಚು ಕಾಲ ಕಾಯಬೇಕಾಯಿತು.

೩

ಇನ್ನು ಕನ್ನಡದ ಆಧಾರಗಳು. ಇವುಗಳಲ್ಲಿ ಅಗ್ರಸ್ಥಾನ ಕಾದಂಬರಿಗೆ ಸಲ್ಲಬೇಕು. ಹರ್ಷನ ಆಸ್ಥಾನದ ಬಾಣಭಟ್ಟನು ಏಳನೆಯ ಶತಮಾನದಲ್ಲಿ ಸಂಸ್ಕೃತ ಗದ್ಯದಲ್ಲಿ ರಚಿಸಿದ ಕಥೆಯನ್ನು ಹತ್ತನೆಯ ಶತಮಾನದ ಕೊನೆಯ ವೇಳೆಗೆ ನಾಗವರ್ಮನು ಚಂಪುವಾಗಿ ಕನ್ನಡಕ್ಕೆ ತಂದನು. ಶೂದ್ರಕ ರಾಜನ ಸಭೆಗೆ ಚಂಡಾಲ ಕನ್ಯೆಯೊಬ್ಬಳು ಪಂಜರದಲ್ಲಿ ವೈಶಂಪಾಯನನೆಂಬ ಗಿಳಿಯನ್ನು ತರುತ್ತಾಳೆ; ಅದು ಬಲಗಾಲನ್ನೆತ್ತಿ ರಾಜನನ್ನು ಪದ್ಯದಿಂದ ಹರಸುತ್ತದೆ. ಇಷ್ಟನ್ನು ಎಲ್ಲರೂ ಬಲ್ಲರು. ಆದರೆ ರಾಜನು ಅದರ ವೃತ್ತಾಂತವನ್ನು ಕೇಳಿದಾಗ ಅದು ಮೊದಲು ಹೇಳುವುದೇನು? ಚಂದ್ರಾಪೀಡ ಕಾದಂಬರಿಯರ ಪ್ರಣಯವನ್ನಲ್ಲ. ತಾನು ಗೂಡಿನಿಂದ ಬಿದ್ದ ದಿನವನ್ನು.

ಪಂಪಾಸರೋವರದ ತೀರದಲ್ಲಿ ಒಂದು ಮುದಿ ಬೂರುಗದ ಮರ; ಅದರ ಪೊಟರೆಗಳಲ್ಲಿ ಸಾವಿರಾರು ಗಿಳಿಗಳ ಸಂಸಾರ. ಹೆತ್ತ ತಾಯಿ ಹೆರಿಗೆಯಲ್ಲಿಯೇ ಸತ್ತುದರಿಂದ ಮುದಿ ತಂದೆಯೇ ಮರಿಯನ್ನು ಸಾಕುತ್ತಿದ್ದಾನೆ. ದೂರ ಹಾರಲಾರದೆ, ಇತರ ಗೂಡುಗಳಿಂದ ಉದುರಿದ ಭತ್ತದ ಕಾಳುಗಳನ್ನೂ ಹಣ್ಣಿನ ಚೂರುಗಳನ್ನೂ ಆಯ್ದು ತಂದು ಮರಿಗೆ ಕೊಟ್ಟು, ಮಿಕ್ಕುದನ್ನು ತಾನು ತಿನ್ನುತ್ತಾನೆ. ಬೇಟೆಗೆ ಬಂದ ಶಬರರ ಪಡೆ ಮುಂದೆ ಹೋದ ಮೇಲೆ ಮುದಿ ಬೇಡನೊಬ್ಬ ಹಿಂದುಳಿದು ಮರವನ್ನೇರುತ್ತಾನೆ. ಹಾರಲರಿಯದ ಮರಿಗಳನ್ನು ಹಣ್ಣು ಬಿಡಿಸುವಂತೆ ಪೊಟರೆಗಳಿಂದ ತೆಗೆತೆಗೆದು ಕೊಂದು ನೆಲಕ್ಕೆಸೆಯುತ್ತಾನೆ. ತಂದೆ ಮರಿಯನ್ನು ರೆಕ್ಕೆಯಲ್ಲಿ ಮುಚ್ಚಿಕೊಂಡು ಸಾಯುತ್ತದೆ. ತರಗೆಲೆಯ ರಾಶಿಯ ಮೇಲೆ ಬಿದ್ದು ಬದುಕುಳಿದ ಮರಿಯನ್ನು ಜಾಬಾಲಿ ಮುನಿಯ ಮಗ ಹಾರೀತನು ನೀರೆರೆದು ಆಶ್ರಮಕ್ಕೆ ಒಯ್ಯುತ್ತಾನೆ.

ಇದನ್ನು ಕವಿಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. ಗಿಳಿ ತಾನಾಗಿ ಗೂಡು ಕಟ್ಟದೆ ಪೊಟರೆಯಲ್ಲಿ ಮೊಟ್ಟೆಯಿಡುವುದು, ನಾಲ್ಕಾರು ಮೊಟ್ಟೆಗಳಿಂದ ಒಡೆದುಬಂದ ಮರಿಗಳು ಆರೇಳು ವಾರ ಹಾರಲಾರದೆ ಒಳಗೇ ಇರುವುದು, ಮರಹತ್ತಬಲ್ಲವನಿಗೆ ಅವು ಸುಲಭವಾಗಿ ಕೈವಶವಾಗುವುದು, ಇವೆಲ್ಲ ಪಕ್ಷಿಶಾಸ್ತ್ರಜ್ಞರು ಒಪ್ಪುವ ಸಂಗತಿಗಳು. ಬಾಣನ ಬೇಡ ಕೊಲ್ಲುತ್ತಾನೆ. ಪೇಟೆಗೆ ಮರಿಗಳನ್ನು ಒದಗಿಸುವವನು ಜೀವಂತ ಹಿಡಿಯುತ್ತಾನೆ. ಮರ ಒಂದೇ, ಪೊಟರೆ ಒಂದೇ. ಆನೆಗೊಂದಿಯ ಬಳಿಯ ಪಂಪಾಸರೋವರವನ್ನು ಕಂಡು ಬಂದ ಕನ್ನಡಿಗನಿಗೆ ಆ ಹೆಸರು ಬಂದೊಡನೆ ಈ ಬೂರುಗದ ಮರವೂ ನೆನಪಾಗಬೇಕು. ಬಾಣನ ಸರೋವರ ವಿಂಧ್ಯಾಟವಿಯ ಪ್ರಾಂತದ್ದೆಂಬುದು ಬೇರೆ ಮಾತು.

ಕಾವ್ಯದ ಗಿಳಿ ರಾಜಸಭೆಯದು. ಸಾಮಾನ್ಯರ ಮನೆಯ ಗಿಳಿಯನ್ನು ಕಾಣಬೇಕಾದರೆ ವಚನಗಳಿಗೂ ದಾಸರ ಪದಗಳಿಗೂ ಬರಬೇಕು. ಹನ್ನೆರಡನೆಯ ಶತಮಾನದ ಬಸವಣ್ಣನವರು ಒಂದು ವಚನದಲ್ಲಿ, ಎಷ್ಟು ಓದು ಕಲಿತರೂ ಗಿಳಿಗೆ ಬೆಕ್ಕು ಬರುವುದನ್ನು ಮುಂದಾಗಿ ಹೇಳುವುದು ತಿಳಿಯದೆಂಬ ದೃಷ್ಟಾಂತವನ್ನು ಕೊಡುತ್ತಾರೆ. ಕೌಟಿಲ್ಯನ ಗಿಳಿ ಹಾವನ್ನು ಸಾರುತ್ತದೆ. ಬಸವಣ್ಣನವರ ಗಿಳಿ ಬೆಕ್ಕನ್ನು ಅರಿಯದು. ಮೊದಲನೆಯದು ಅರಮನೆಯ ನಂಬಿಕೆ, ಎರಡನೆಯದು ಮನೆಯ ಅನುಭವ. ಪುರಂದರದಾಸರ ಅಂಕಿತದಲ್ಲಿ ಹಾಡಿಕೊಂಡು ಬಂದಿರುವ ಪ್ರಸಿದ್ಧ ಪದವೊಂದರಲ್ಲಿಯೂ ಬೆಕ್ಕೇ ಬರುತ್ತದೆ: ಸಾಕಿದ ಪುಟ್ಟ ಗಿಳಿಯನ್ನು ತಾನಿಲ್ಲದ ಹೊತ್ತಿನಲ್ಲಿ ಬೆಕ್ಕು ಕೊಂಡೊಯ್ದುದನ್ನು ಒಬ್ಬಳು ಅಕ್ಕನೊಡನೆ ಹೇಳಿಕೊಂಡು ಮರುಗುತ್ತಾಳೆ. ಅಲ್ಲಿ ಗಿಳಿಯೆಂದರೆ ಜೀವ, ಪಂಜರವೆಂದರೆ ದೇಹ, ಸರಿಯೇ. ಆದರೆ ರೂಪಕವು ಕೇಳುಗರ ಎದೆಗೆ ನಾಟಬೇಕಾದರೆ ಅದರ ವಾಚ್ಯಾರ್ಥ ಅವರ ಮನೆಯಲ್ಲಿ ನಡೆದಿರಬೇಕು. ಕನ್ನಡ ನಾಡಿನ ಸಾಮಾನ್ಯ ಸಂಸಾರಗಳಲ್ಲಿ ಗಿಳಿಸಾಕಣೆ ವಾಡಿಕೆಯಲ್ಲಿತ್ತೆಂಬುದಕ್ಕೆ ಈ ಎರಡು ಬೆಕ್ಕುಗಳಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಗಿಳಿಯೊಡನೆ ಮಾತಾಡುವ ಮದನಿಕೆಯ ವಿಗ್ರಹವಿದೆ. ‘ಶುಕಭಾಷಿಣಿ’ಯೆಂದು ಅದು ಪ್ರಸಿದ್ಧ. ಇದಕ್ಕೆ ವ್ಯತಿರಿಕ್ತವಾಗಿ ಅಕ್ಕಮಹಾದೇವಿಯನ್ನು ನೆನೆಯಬೇಕು. ಚೆನ್ನಮಲ್ಲಿಕಾರ್ಜುನನನ್ನು ಅರಸುತ್ತ ಆಕೆ ಕಾಡಿನ ಗಿಳಿಗಳನ್ನು, ಕೋಗಿಲೆಗಳನ್ನು, ತುಂಬಿಗಳನ್ನು ಮಾತಾಡಿಸುತ್ತಾಳೆ. ಆಕೆ ಗಿಳಿಗೆ ಏನನ್ನೂ ಕಲಿಸುವುದಿಲ್ಲ. ಅದು ಏನನ್ನಾದರೂ ಕಂಡಿದೆಯೇ ಎಂದು ಕೇಳುತ್ತಾಳೆ. ನಮ್ಮ ಸಾಹಿತ್ಯದಲ್ಲಿ ಗಿಳಿಯನ್ನು ಹಿಡಿಯದೆಯೇ ಅದರೊಡನೆ ಮಾತಾಡಿದವರು ವಿರಳ.

೪

ಮುಂಬಯಿಗೆ ಬರೋಣ. ಈ ನಗರದಲ್ಲಿ ಪ್ರಾಣಿದಯೆಯೂ ಪ್ರಾಣಿವ್ಯಾಪಾರವೂ ಒಟ್ಟೊಟ್ಟಿಗೆ ಬೆಳೆದಿವೆ. ೧೮೩೨ರಲ್ಲಿ ಬೀದಿನಾಯಿಗಳನ್ನು ಕೊಲ್ಲುವ ಸರಕಾರದ ಆಜ್ಞೆಯ ವಿರುದ್ಧ ಪಾರಸಿ ಮೊದಲಾದವರು ದಂಗೆಯೆದ್ದರು. ಅದಾದ ಎರಡು ವರ್ಷಕ್ಕೆ, ೧೮೩೪ರಲ್ಲಿ, ಸರ್ ಜಮ್‌ಶೇಟ್‌ಜೀ ಜೀಜೀಭಾಯಿ ಮೊದಲಾದ ದಾನಿಗಳ ನೆರವಿನಿಂದ ಭುಲೇಶ್ವರದ ಬಳಿ ಪಾಂಜರಾಪೋಳವು ಸ್ಥಾಪಿತವಾಯಿತು. ಈ ಹೆಸರಿನ ಮೊದಲ ಪದ ನಮ್ಮ ‘ಪಂಜರ’ವೇ ಎಂದು ವಿವರಿಸುವುದುಂಟು. ಸೆರೆಯ ಹೆಸರು ಇಲ್ಲಿ ಆಶ್ರಯದ ಹೆಸರಾಗಿದೆ.

ಇನ್ನೊಂದು ಕಡೆ, ೧೮೬೯ರಲ್ಲಿ ಕಟ್ಟಡ ಮುಗಿದ ಕ್ರಾಫರ್ಡ್ ಮಾರ್ಕೆಟ್ ಹಣ್ಣು ತರಕಾರಿಗಳೊಡನೆ ಸಾಕುಹಕ್ಕಿಗಳ ಮಾರಾಟಕ್ಕೂ ಹೆಸರಾಯಿತು. ಇಂದು ಮಹಾತ್ಮಾ ಜ್ಯೋತಿಬಾ ಫುಲೆ ಮಂಡಿಯೆಂದು ಹೆಸರು ಪಡೆದಿರುವ ಆ ಕಟ್ಟಡದ ಹೆಬ್ಬಾಗಿಲ ಮೇಲಿನ ಉಬ್ಬುಚಿತ್ರಗಳನ್ನು ರೂಪಿಸಿದವನು ಜೆ. ಜೆ. ಕಲಾಶಾಲೆಯಲ್ಲಿ ಅಧ್ಯಾಪಕನಾಗಿದ್ದ ಲಾಕ್‌ವುಡ್ ಕಿಪ್ಲಿಂಗ್. ಭಾರತೀಯರೂ ಅವರ ಪ್ರಾಣಿಗಳೂ ಬಾಳುವ ರೀತಿಯನ್ನು ಕುರಿತು ೧೮೯೧ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದವನೂ ಅವನೇ. ಅದರ ಪಕ್ಷಿಗಳ ಅಧ್ಯಾಯದಲ್ಲಿ ಗಿಳಿಗೂ ಸ್ಥಾನವಿದೆ. ೧೮೮೩ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯೂ, ಅದರ ಮೂಲಕ ಬೆಳೆದು ೧೯೪೧ರಲ್ಲಿ ಭಾರತೀಯ ಪಕ್ಷಿಗಳ ಕೈಪಿಡಿಯನ್ನು ಕೊಟ್ಟ ಸಾಲಿಂ ಅಲಿಯವರೂ, ಹಕ್ಕಿಯನ್ನು ಹಿಡಿಯದೆ ನೋಡಿ ಆನಂದಿಸುವ ಹವ್ಯಾಸವನ್ನು ವಿದ್ಯಾವಂತರಲ್ಲಿ ಹರಡಿದರು.

ಊರು ಬಿಟ್ಟು ಬಂದು ಒಂದೇ ಕೋಣೆಯಲ್ಲಿ ಸಂಸಾರ ಹೂಡಿದವರಿಗೆ ಹಸು ಕಟ್ಟುವ ಕೊಟ್ಟಿಗೆಯಿರಲಿಲ್ಲ, ನಾಯಿಗೆ ಅಂಗಳವಿರಲಿಲ್ಲ. ಗಿಳಿಗೆ ಬೇಕಾದದ್ದು ಒಂದು ಕೊಕ್ಕೆ ಮಾತ್ರ. ನೆನೆಸಿದ ಕಡಲೆಬೇಳೆ, ಪೇರಲೆಹಣ್ಣಿನ ಹೋಳು, ಹಸಿಮೆಣಸಿನಕಾಯಿ ಇಷ್ಟೇ ಅದರ ಖರ್ಚು. (ಮೆಣಸಿನಕಾಯಿಯ ಉರಿ ಹಕ್ಕಿಗಳಿಗೆ ತಾಕುವುದಿಲ್ಲ. ಇದು ಪೋರ್ಚುಗೀಸರ ಬರವಿನ ಅನಂತರದ ಉಪಚಾರ. ಬಸವಣ್ಣನವರ ಕಾಲದ ಗಿಳಿ ಇದನ್ನು ಕಂಡಿರಲಾರದು.) ಮಗು ಶಾಲೆಯಿಂದ ಬಂದಾಗ ಹೆಸರು ಹಿಡಿದು ಕೂಗುವ, ಮುದುಕಿಯ ರಾಮನಾಮಕ್ಕೆ ದನಿಗೂಡಿಸುವ ಒಂದು ಜೀವ ಆ ಮನೆಗಳಲ್ಲಿ ಎಷ್ಟು ಪ್ರೀತಿಗೆ ಪಾತ್ರವಾಗಿತ್ತೆಂಬುದನ್ನು ಅಲ್ಲಗಳೆಯಲಾಗದು. ಆ ಪ್ರೀತಿ ನಿಜವಾದದ್ದು. ಅದು ನಿಜವಾದದ್ದರಿಂದಲೇ ಮುಂದಿನ ವಿಚಾರ ಕಷ್ಟದ್ದಾಗುತ್ತದೆ.

ಇಲ್ಲೊಂದು ವ್ಯತ್ಯಾಸವನ್ನು ಗುರುತಿಸಬೇಕು. ಹಿಂದಿನವರು ಗಿಳಿಯಿಂದ ಬಯಸಿದ್ದು ಮಾತನ್ನು. ಇಂದಿನ ನಗರವಾಸಿ ಬಯಸುವುದು ಮೌನವನ್ನು. ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿ ಬೆಳಗಿನ ಜಾವದ ಕಿರಿಚಾಟವನ್ನು ನೆರೆಯವರು ಸಹಿಸರು. ಆದುದರಿಂದ ಸದ್ದು ಕಡಿಮೆಯ, ಮಧ್ಯಮ ಗಾತ್ರದ ಹಕ್ಕಿ ಯಾವುದೆಂದು ಜನ ವಿಚಾರಿಸುತ್ತಾರೆ. ನೇರಳೆತಲೆಯ ಗಿಳಿಗೆ ಬೇಡಿಕೆ ಬಂದದ್ದಕ್ಕೆ ಇದೂ ಒಂದು ಕಾರಣ. ಆದರೆ ಗಿಳಿಯ ಕೂಗು ಏತಕ್ಕಾಗಿ? ಗಿಳಿಗಳು ಹಿಂಡಿನಲ್ಲಿ ಬಾಳುವ ಹಕ್ಕಿಗಳು. ಕೂಗು ಅವುಗಳ ಹಿಂಡನ್ನು ಕೂಡಿಸುವ ದಾರ. ವೆನಿಜುವೆಲಾದ ಒಂದು ಜಾತಿಯ ಕಾಡುಗಿಳಿಗಳಲ್ಲಿ ತಂದೆತಾಯಿಗಳೇ ಮರಿಗಳಿಗೆ ಬೇರೆಬೇರೆ ಕೂಗನ್ನು ಹೆಸರಿನಂತೆ ಕಲಿಸುತ್ತವೆಂದು ೨೦೧೧ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿದೆ. ಹಿಂಡಿಲ್ಲದ ಹಕ್ಕಿ ತನ್ನ ಸುತ್ತಲಿರುವವರನ್ನೇ ಹಿಂಡೆಂದು ಬಗೆದು ಅವರ ದನಿಯನ್ನು ಕಲಿಯುತ್ತದೆ. ನಾವು ಜಾಣತನವೆಂದು ಮೆಚ್ಚಿದ ಗಿಳಿಮಾತಿನ ಮೂಲ ಅದರ ಒಂಟಿತನದಲ್ಲಿದೆ.

೫

ಕೊನೆಯ ಘಟ್ಟ ಕಾನೂನಿನದು. ೧೯೭೨ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವು ನಮ್ಮ ಗಿಳಿಗಳನ್ನು ತನ್ನ ಅನುಸೂಚಿಗಳಲ್ಲಿ ಸೇರಿಸಿಕೊಂಡಿತು. ಆ ಕಾಲದಲ್ಲಿ ಭಾರತವು ಕಾಡುಹಕ್ಕಿಗಳನ್ನು ಹೊರದೇಶಗಳಿಗೆ ಹೆಚ್ಚಾಗಿ ರಫ್ತು ಮಾಡುವ ದೇಶಗಳಲ್ಲೊಂದಾಗಿತ್ತು. ೧೯೯೦-೯೧ರ ವೇಳೆಗೆ ದೇಶೀಯ ಕಾಡುಹಕ್ಕಿಗಳ ವ್ಯಾಪಾರವೆಲ್ಲ ನಿಷಿದ್ಧವಾಯಿತು. ೨೦೨೨ರ ತಿದ್ದುಪಡಿ ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದು ಅನುಸೂಚಿಗಳನ್ನು ಪುನರ್ರಚಿಸಿತು. ನಮ್ಮ ಗಿಳಿಗೆ ರಕ್ಷಣೆ ಮುಂದುವರಿದಿದೆ. ಹಕ್ಕಿಗಳಿಗೆ ಸ್ವತಂತ್ರವಾಗಿ ಹಾರುವ ಹಕ್ಕುಂಟೆಂಬ ಅಭಿಪ್ರಾಯವನ್ನು ೨೦೧೧ರಲ್ಲಿ ಗುಜರಾತಿನ, ೨೦೧೫ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯಗಳು ವ್ಯಕ್ತಪಡಿಸಿವೆ. ಹೀಗೆ ಈ ನಾಡಿನ ಗಿಳಿಯನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು, ಪಂಜರದಲ್ಲಿಡುವುದು ಎಲ್ಲವೂ ಇಂದು ಅಪರಾಧವೇ. ಗಿಳಿಶಾಸ್ತ್ರದವನ ಗಿಳಿಗೂ ಈ ಮಾತು ಅನ್ವಯಿಸುತ್ತದೆ.

ಪರದೇಶದ ಗಿಳಿಗಳ ಮಾತು ಬೇರೆ. ೧೮೪೦ರಲ್ಲಿ ಜಾನ್ ಗೌಲ್ಡ್ ಆಸ್ಟ್ರೇಲಿಯಾದಿಂದ ಇಂಗ್ಲೆಂಡಿಗೆ ಒಯ್ದ ಬಜರಿಗರ್ ಎಂಬ ಪುಟ್ಟ ಹಕ್ಕಿ ತಲೆಮಾರುಗಳಿಂದ ಪಂಜರದಲ್ಲಿಯೇ ಹುಟ್ಟುತ್ತ ಬಂದು ನಿಜವಾದ ಸಾಕುಹಕ್ಕಿಯಾಗಿದೆ. ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗಳಲ್ಲಿ ಸೇರಿದ ಇತರ ವಿದೇಶೀ ಗಿಳಿಗಳನ್ನು ಇಟ್ಟುಕೊಂಡವರು ೨೦೨೪ರ ನಿಯಮಗಳಂತೆ ಸರಕಾರದಲ್ಲಿ ನೋಂದಾಯಿಸತಕ್ಕದ್ದು. ಸದ್ದಿಲ್ಲದ ಹಕ್ಕಿಯನ್ನು ಬಯಸುವ ಸಂಸಾರವು ಇತ್ತ ನೋಡುವುದಾದರೂ, ಹಿಂಡಿನ ಜೀವಿಯೊಂದಕ್ಕೆ ಹಲವಾರು ವರ್ಷ ಜೊತೆ ಕೊಡುವ ಹೊಣೆ ತನ್ನದೆಂಬುದನ್ನು ಮೊದಲೇ ತೂಗಿ ನೋಡಬೇಕು.

ಈಗಾಗಲೇ ಮನೆಯಲ್ಲಿರುವ ಗಿಳಿಯ ಗತಿಯೇನು? ಕಾನೂನಿನ ಭಯದಿಂದಲೋ ಕರುಣೆಯಿಂದಲೋ ಕಿಟಕಿಯಲ್ಲಿ ಪಂಜರದ ಬಾಗಿಲು ತೆರೆದುಬಿಡುವುದು ಧರ್ಮವಲ್ಲ. ಮರಿಯಿಂದ ಕೈತುತ್ತು ತಿಂದು ಬೆಳೆದ ಹಕ್ಕಿಗೆ ಆಹಾರ ಹುಡುಕುವುದು ತಿಳಿಯದು, ರೆಕ್ಕೆಗೆ ಬಲವಿರದು, ಬೆಕ್ಕು ಮಾತ್ರ ಬಸವಣ್ಣನವರ ಕಾಲದಂತೆಯೇ ಇಂದಿಗೂ ಇದೆ. ಅರಣ್ಯ ಇಲಾಖೆಗೆ ತಿಳಿಸಿ, ಅವರ ಮೂಲಕ ಪಕ್ಷಿವೈದ್ಯ ಬಲ್ಲವರ ಆರೈಕೆಗೆ ಒಪ್ಪಿಸುವುದೇ ಸರಿಯಾದ ಮಾರ್ಗ. ಹಾರಲು ಕಲಿತದ್ದು ಹಿಂಡನ್ನು ಸೇರಬಹುದು. ಕಲಿಯಲಾರದ್ದು ತನ್ನ ಜಾತಿಯ ಜೊತೆಯಲ್ಲಾದರೂ ಬಾಳಬಹುದು. ಬಹುಕಾಲ ಸಾಕಿದವರಿಗೆ ಇದು ನೋವಿನ ಮಾತೇ ಸರಿ. ಆದರೆ ಆ ಪಂಜರ ಬರಿದಾದ ಮೇಲೆ ಅದನ್ನು ತುಂಬಲು ಮತ್ತೊಂದು ಮರಿಯನ್ನು ತರದಿರುವುದು ಪ್ರತಿಯೊಬ್ಬರ ಕೈಯಲ್ಲಿಯೂ ಇದೆ. ಕೊಳ್ಳುವವನಿಲ್ಲದಿದ್ದರೆ ಬೂರುಗದ ಮರವನ್ನು ಹತ್ತುವವನೂ ಇರುವುದಿಲ್ಲ.

ಚರಿತ್ರೆಯ ದೃಷ್ಟಿಯಿಂದ ಇನ್ನೊಂದು ಕೆಲಸ ಉಳಿದಿದೆ. ಗಿಳಿಸಾಕಣೆ ಮನೆಗಳಿಂದ ಮರೆಯಾಗುತ್ತಿರುವಾಗ ಅದರೊಡನೆ ಗಿಳಿಗೆ ಕಲಿಸುತ್ತಿದ್ದ ಮಾತುಗಳು, ಅದನ್ನು ಕುರಿತ ಜೋಗುಳಗಳು, ಬೀಸುವ ಪದಗಳು, ಒಗಟುಗಳು, ಊರೂರಿನಲ್ಲಿ ಬೇರೆಬೇರೆಯಾದ ಮುದ್ದಿನ ಹೆಸರುಗಳು ಇವೆಲ್ಲವೂ ಮರೆಯಾಗುತ್ತವೆ. ಧಾರವಾಡ, ವಿಜಯಪುರ, ದಕ್ಷಿಣ ಕನ್ನಡ, ಕಾಸರಗೋಡು ಮೊದಲಾದ ಕಡೆಗಳಿಂದ ಬಂದು ಈ ಮಹಾನಗರದಲ್ಲಿ ನೆಲಸಿರುವ ವಾಚಕರು ತಮ್ಮ ಮನೆಯ ಹಿರಿಯ ಹೆಂಗಸರಿಂದ ಇವನ್ನು ಕೇಳಿ ಬರೆದಿಟ್ಟರೆ, ಪಂಜರ ಹೋದರೂ ನುಡಿ ಉಳಿಯುತ್ತದೆ. ಗಿಳಿಯು ಮರದಲ್ಲಿರಲಿ, ಅದರ ಮೇಲಿನ ಪ್ರೀತಿ ನಮ್ಮ ಭಾಷೆಯಲ್ಲಿರಲಿ.